ಮಂಡಕ್ಕಿ ಭಟ್ಟಿಯ ಕಿರುಚಿತ್ರಕ್ಕೆ 75 ಸೆಕೆಂಡಿನ ಟ್ರೇಲರ್: ಅಧ್ಯಯನ ಹೇಗೆ, ಎಡಿಟಿಂಗ್ ಹೇಗೆ?

ಭಟ್ಟಿಬೆಳಕು (ದಾವಣಗೆರೆ) ಕೇಳಿದ್ದು:

ಪತ್ರಿಕೋದ್ಯಮ ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್. ಚಿತ್ರ 12 ನಿಮಿಷದ್ದು, ಹೆಸರು ‘ಭಟ್ಟಿಯ ಹೊತ್ತು’. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ತಾಯಿ, ಬೇರೆ ಊರಿನ ಕಾಲೇಜಿಗೆ ಹೋಗಬೇಕೆನ್ನುವ ಮಗಳು. ಕೊನೆಯ ಎರಡು ದೃಶ್ಯ ಚಿತ್ರದುರ್ಗದ ಕೋಟೆಯಲ್ಲಿ ನಡೆಯುತ್ತವೆ. ಭಟ್ಟಿಯ ಭಾಗ ಚಿತ್ರೀಕರಣ ಆಗಿದೆ, ಕೋಟೆಯದು ಬಾಕಿ.

ಮೊದಲು ಸಲ್ಲಿಸಬೇಕಾದದ್ದು ಟ್ರೇಲರ್, 60ರಿಂದ 90 ಸೆಕೆಂಡ್. ಜೊತೆಗೆ ಒಂದು ವರದಿ: ಮಾಧ್ಯಮ ತಂತ್ರಜ್ಞಾನವನ್ನು ಅಧ್ಯಯನಕ್ಕೆ ಹೇಗೆ ಬಳಸಿದಿರಿ, ತಯಾರಿಕೆಗೆ ಹೇಗೆ ಬಳಸಿದಿರಿ ಅಂತ. ಇರುವ ಸಾಮಾನು ಎರಡು ಆಂಡ್ರಾಯ್ಡ್ ಫೋನು, ಒಂದು ಕಾಲರ್ ಮೈಕು, ಒಂದು ಸಣ್ಣ ರೆಕಾರ್ಡರು, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ಉಚಿತ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶ.

ಸಿಕ್ಕಿಬಿದ್ದಿರುವ ಕಡೆಗಳು: ಭಟ್ಟಿಯ ಒಳಗಿನ ಕ್ಲಿಪ್‌ಗಳಲ್ಲಿ ಮಾತು ಶುರುವಿನಲ್ಲಿ ತುಟಿಗೆ ಹೊಂದುತ್ತದೆ, ಎರಡು ನಿಮಿಷ ಕಳೆಯುವಷ್ಟರಲ್ಲಿ ಜಾರುತ್ತದೆ. ಹೊರಗೆ ತೆಗೆದವು ಸರಿಯಾಗಿವೆ. ಎಲ್‌ಇಡಿ ಬಲ್ಬಿನ ಕೆಳಗೆ ತೆಗೆದ ಶಾಟ್‌ಗಳಲ್ಲಿ ಅಡ್ಡಪಟ್ಟೆ ಓಡುತ್ತವೆ. ಶೀರ್ಷಿಕೆಯಲ್ಲಿ ‘ಭಟ್ಟಿ’ ಎಂಬುದರ ಒತ್ತಕ್ಷರ ಒಡೆದು ‘ಟ್’, ‘ಟಿ’ ಬೇರೆ ಬೇರೆ ನಿಲ್ಲುತ್ತವೆ. ಇನ್ನು ಅಧ್ಯಯನ ಅಂದರೆ ಹತ್ತು ಟ್ರೇಲರ್ ನೋಡಿ ‘ಚೆನ್ನಾಗಿದೆ’ ಅಂತ ಬರೆಯುವುದಲ್ಲ ಅಂತ ಗೊತ್ತು, ಆದರೆ ಏನನ್ನು ಅಳೆಯಬೇಕು ಅನ್ನುವುದೇ ತಿಳಿಯುತ್ತಿಲ್ಲ.

ಕತ್ತರಿಮೇಜು:

ಅಧ್ಯಯನದಿಂದ ಶುರು ಮಾಡೋಣ. ಅದು ಸರಿಯಾದರೆ ಎಡಿಟಿಂಗ್‌ನ ಅರ್ಧ ತೀರ್ಮಾನಗಳು ಅಲ್ಲೇ ಆಗುತ್ತವೆ.

ಎಂಟು ಟ್ರೇಲರ್ ಸಾಕು, ಆದರೆ ಆಯ್ಕೆ ಮುಖ್ಯ. ದೊಡ್ಡ ನಾಯಕನಟರ ಟ್ರೇಲರ್‌ಗಳು ನಿಮಗೆ ಹೆಚ್ಚು ಕಲಿಸುವುದಿಲ್ಲ. ಅಲ್ಲಿ ಪ್ರೇಕ್ಷಕನಿಗೆ ಮುಖ ಮೊದಲೇ ಪರಿಚಯ, ಡೈಲಾಗ್ ಮೇಲೆ ಡೈಲಾಗ್ ಹೊಡೆದರೂ ನಡೆಯುತ್ತದೆ. ನಿಮ್ಮ ತಾಯಿ ಪಾತ್ರವನ್ನು ಯಾರೂ ಈ ಮುಂಚೆ ನೋಡಿಲ್ಲ. ಹಾಗಾಗಿ ಹೊಸ ಮುಖಗಳ ಚಿತ್ರ, ಕಿರುಚಿತ್ರ, ಸಾಕ್ಷ್ಯಚಿತ್ರಗಳ ಟ್ರೇಲರ್ ಆರು ಇರಲಿ, ಹೋಲಿಸಿ ನೋಡಲಿಕ್ಕೆ ಜನಪ್ರಿಯ ಸಿನಿಮಾದ್ದು ಎರಡು.

ಪ್ರತಿಯೊಂದಕ್ಕೂ ಒಂದು ಸ್ಪ್ರೆಡ್‌ಶೀಟ್. ಒಂದು ಶಾಟ್‌ಗೆ ಒಂದು ಸಾಲು. ಕಾಲಂಗಳು: ಶುರುವಾದ ಸಮಯ, ಎಷ್ಟು ಸೆಕೆಂಡ್, ಶಾಟ್‌ನ ಅಳತೆ (ದೂರ, ಮಧ್ಯಮ, ಹತ್ತಿರ), ಆ ಕ್ಷಣ ಕಿವಿಗೆ ಏನು ಕೇಳುತ್ತಿದೆ, ಪರದೆಯ ಮೇಲೆ ಅಕ್ಷರ ಇದೆಯೇ, ಇದರಿಂದ ಹೊಸದಾಗಿ ಏನು ತಿಳಿಯಿತು. ಈ ಕೊನೆಯ ಕಾಲಂ ಬಿಟ್ಟರೆ ಉಳಿದದ್ದೆಲ್ಲ ಬರೀ ಲೆಕ್ಕ. ವಿಎಲ್‌ಸಿಯಲ್ಲಿ ವಿರಾಮ ಕೊಟ್ಟು ‘ಇ’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಕಟ್ ಎಲ್ಲಿದೆ ಅಂತ ಕರಾರುವಾಕ್ಕಾಗಿ ಸಿಗುತ್ತದೆ. ಬೇಗ ಆಗಬೇಕೆಂದರೆ ರಿಸಾಲ್ವ್‌ನ ಮೀಡಿಯಾ ಪುಟದಲ್ಲಿ ಫೈಲಿನ ಮೇಲೆ ಬಲಕ್ಲಿಕ್ ಮಾಡಿ ‘ಸೀನ್ ಕಟ್ ಡಿಟೆಕ್ಷನ್’ ಓಡಿಸಿ. ಅದು ಕಟ್‌ಗಳನ್ನು ತಾನೇ ಗುರುತಿಸುತ್ತದೆ. ಎರಡು ಕಡೆ ತಪ್ಪುತ್ತದೆ: ನಿಧಾನವಾಗಿ ಕರಗುವ ಡಿಸಾಲ್ವ್‌ಗಳನ್ನು ಬಿಟ್ಟುಬಿಡುತ್ತದೆ, ಮಿಂಚು ಅಥವಾ ಬೆಂಕಿಯ ಹೊಳಪನ್ನು ಕಟ್ ಅಂದುಕೊಳ್ಳುತ್ತದೆ. ಆದ್ದರಿಂದ ಒಮ್ಮೆ ಕಣ್ಣಿನಿಂದ ತಿದ್ದಬೇಕು.

ಆಮೇಲೆ ಸರಾಸರಿ ಮಾತ್ರ ಬರೆದು ಬಿಡಬೇಡಿ. 75 ಸೆಕೆಂಡಿನಲ್ಲಿ 30 ಶಾಟ್ ಇದ್ದರೆ ಸರಾಸರಿ ಎರಡೂವರೆ ಸೆಕೆಂಡ್, ಸರಿ. ಆದರೆ ಮೊದಲ 20 ಸೆಕೆಂಡಿನಲ್ಲಿ ನಾಲ್ಕೇ ಶಾಟ್, ಕೊನೆಯ 15ರಲ್ಲಿ ಹದಿಮೂರು ಎಂದು ಗೊತ್ತಾದಾಗಲೇ ಆ ಟ್ರೇಲರ್ ಹೇಗೆ ಉಸಿರಾಡುತ್ತದೆ ಅಂತ ತಿಳಿಯುವುದು. ಶಾಟ್ ಉದ್ದವನ್ನು ಬಾರ್ ಚಾರ್ಟ್ ಮಾಡಿ, ಸಂಗೀತ ಬದಲಾಗುವ ಜಾಗವನ್ನೂ ಪೂರ್ತಿ ನಿಶ್ಶಬ್ದದ ಜಾಗವನ್ನೂ ಗುರುತು ಹಾಕಿ ವರದಿಗೆ ಅಂಟಿಸಿ. ಪ್ರತಿ ಟ್ರೇಲರನ್ನೂ ಒಮ್ಮೆ ಶಬ್ದ ಮುಚ್ಚಿ ನೋಡಿ, ಒಮ್ಮೆ ಪರದೆಗೆ ಬೆನ್ನು ಹಾಕಿ ಕೇಳಿ. ಕೇಳಿದಾಗ ಕಥೆ ಅರ್ಥವಾಗಿ ನೋಡಿದಾಗ ಆಗದಿದ್ದರೆ ಅದು ಮಾತಿನ ಮೇಲೆ ನಿಂತ ಟ್ರೇಲರ್.

ಪ್ರೇಕ್ಷಕರ ಸಮೀಕ್ಷೆಗೆ ಗೂಗಲ್ ಫಾರ್ಮ್ಸ್ ಸಾಕು, ಆದರೆ ‘ಟ್ರೇಲರ್ ಇಷ್ಟವಾಯಿತೇ?’ ಎಂಬ ಪ್ರಶ್ನೆ ಬೇಡ. ಪರಿಚಯದವರು ಹೌದು ಅನ್ನುತ್ತಾರೆ, ಕೈಗೆ ಏನೂ ಸಿಗುವುದಿಲ್ಲ. ಕೇಳಬೇಕಾದದ್ದು ಇಷ್ಟು: ಈ ಚಿತ್ರ ಯಾವುದರ ಬಗ್ಗೆ, ಒಂದು ವಾಕ್ಯದಲ್ಲಿ ಬರೆಯಿರಿ. ಯಾರ ಮುಖ ನೆನಪಿದೆ? ಎಲ್ಲಿ ಗೊಂದಲ ಆಯಿತು? ಮುಂದೆ ಏನಾಗಬಹುದು ಅನ್ನಿಸುತ್ತದೆ? ಮೊದಲ ಕಚ್ಚಾ ಎಡಿಟ್‌ಗೆ ಎಂಟು ಜನ, ತಿದ್ದಿದ ಮೇಲೆ *ಬೇರೆ* ಎಂಟು ಜನ. ಅದೇ ಜನಕ್ಕೆ ಮತ್ತೆ ತೋರಿಸಿದರೆ ಅವರಿಗೆ ಕಥೆ ಮೊದಲೇ ಗೊತ್ತಿರುತ್ತದೆ, ಗೊಂದಲ ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. ಎಂಟರಲ್ಲಿ ಐದು ಜನ ‘ಮಂಡಕ್ಕಿ ಹೇಗೆ ಮಾಡುತ್ತಾರೆ ಅನ್ನುವ ಚಿತ್ರ’ ಅಂತ ಬರೆದರೆ, ಭಟ್ಟಿಯ ಶಾಟ್ ಹೆಚ್ಚಾಗಿ ಮಗಳು ಕಡಿಮೆಯಾಗಿದ್ದಾಳೆ ಎಂದರ್ಥ. ನಿಮ್ಮ ವಿಷಯದಲ್ಲಿ ಈ ಅಪಾಯ ನಿಜಕ್ಕೂ ಇದೆ. ಕಾದ ಮರಳಿನಲ್ಲಿ ಅಕ್ಕಿ ಅರಳುವ ದೃಶ್ಯ ಎಷ್ಟು ಚೆಂದ ಅಂದರೆ ಕತ್ತರಿಸಲು ಕೈ ಬರುವುದಿಲ್ಲ.

ರಚನೆಗೆ ಒಂದೇ ಮಾತು: ಟ್ರೇಲರ್ ಎಂದರೆ 12 ನಿಮಿಷವನ್ನು ಕುಗ್ಗಿಸಿದ್ದಲ್ಲ, ಅದು ಒಂದು ಪ್ರಶ್ನೆ ಎತ್ತಿ ಉತ್ತರ ಕೊಡದೆ ಬಿಡುವ ಬೇರೆಯೇ ಚಿತ್ರ. ನಿಮ್ಮ ಪ್ರಶ್ನೆ ‘ಅವಳು ಹೋಗುತ್ತಾಳಾ?’ ಆಗಿದ್ದರೆ ಕೋಟೆಯ ದೃಶ್ಯದಿಂದ ಒಂದೇ ಶಾಟ್ ಇಡಿ, ಅದೂ ಬೆನ್ನು ಮಾತ್ರ. ಅವಳ ಮುಖದಲ್ಲಿ ಉತ್ತರ ಕಾಣಿಸುತ್ತದೆ, ಅದು ಚಿತ್ರಕ್ಕೆ ಉಳಿಯಲಿ.

ಐವತ್ತುಹರ್ಟ್ಸ್:

ಜಾರುವ ಧ್ವನಿಯ ಕಾರಣ ನಿಮ್ಮ ಪ್ರಶ್ನೆಯೊಳಗೇ ಇದೆ ನೋಡ್ರಿ: ಒಳಗೆ ಜಾರುತ್ತದೆ, ಹೊರಗೆ ಇಲ್ಲ. ಫೋನಿನ ಮಾಮೂಲಿ ಕ್ಯಾಮೆರಾ ಆ್ಯಪ್ ಕತ್ತಲೆಯಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿಡಲು ಫ್ರೇಮ್ ದರವನ್ನು (ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ) ತಾನೇ ಇಳಿಸುತ್ತದೆ. 30 ಅಂತ ತೋರಿಸಿದರೂ ಭಟ್ಟಿಯೊಳಗೆ ಒಮ್ಮೆ 24, ಒಮ್ಮೆ 20, ಬೆಂಕಿ ಎದ್ದಾಗ ಮತ್ತೆ 30. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲ ಫ್ರೇಮ್‌ಗಳೂ ಸಮ ಅಂತರದಲ್ಲಿವೆ ಎಂದುಕೊಂಡು ಜೋಡಿಸುವುದರಿಂದ ಚಿತ್ರ ಒಂದು ದಾರಿ, ಧ್ವನಿ ಒಂದು ದಾರಿ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದು ‘ಫ್ರೇಮ್ ರೇಟ್ ಮೋಡ್’ ನೋಡಿ. ‘ವೇರಿಯಬಲ್’ ಅಂತ ಇರುತ್ತದೆ, ಪಕ್ಕದಲ್ಲೇ ಕನಿಷ್ಠ, ಗರಿಷ್ಠ ದರ ಕೂಡ.

ಪರಿಹಾರ: ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ಕ್ಲಿಪ್ಪನ್ನೂ ಎಚ್.264, ಫ್ರೇಮ್ ದರ 30, ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’, ಗುಣಮಟ್ಟ ಆರ್‌ಎಫ್ 18 ಇಟ್ಟು ಪರಿವರ್ತಿಸಿ. ರೆಸಲ್ಯೂಶನ್ ಮುಟ್ಟಬೇಡಿ. ಮೂಲ ಫೈಲ್‌ಗಳನ್ನು ಅಳಿಸಬೇಡಿ. ಪರಿವರ್ತಿಸಿದ್ದನ್ನು *ಹೊಸ* ಪ್ರಾಜೆಕ್ಟ್‌ಗೆ ಹಾಕಿ, ಏಕೆಂದರೆ ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್‌ಗೆ ಕ್ಲಿಪ್ ಬಂದ ಮೇಲೆ ಪ್ರಾಜೆಕ್ಟ್‌ನ ಫ್ರೇಮ್ ದರ ಬದಲಿಸಲು ಬರುವುದಿಲ್ಲ. ಮೊದಲು ಸೆಟ್ಟಿಂಗ್‌ನಲ್ಲಿ 30, ಆಮೇಲೆ ಕ್ಲಿಪ್. ಸಿನಿಮಾ ಥರ ಕಾಣಲಿ ಅಂತ 30ರ ಕ್ಲಿಪ್‌ಗಳನ್ನು 24ಕ್ಕೆ ಇಳಿಸಲು ಹೋಗಬೇಡಿ, ಐದರಲ್ಲಿ ಒಂದು ಫ್ರೇಮ್ ಬಿದ್ದು ಕ್ಯಾಮೆರಾ ತಿರುಗುವಾಗ ಮುಗ್ಗರಿಸುತ್ತದೆ.

ರೆಕಾರ್ಡರಿನ ಧ್ವನಿ 48 ಕಿಲೋಹರ್ಟ್ಸ್ ಇದೆಯೇ ನೋಡಿ. 44.1 ಇದ್ದರೂ ರಿಸಾಲ್ವ್ ತಾನೇ ಸರಿಪಡಿಸಿಕೊಳ್ಳುತ್ತದೆ, ಮುಂದಿನ ಸಲಕ್ಕೆ 48ರಲ್ಲೇ ಇಡಿ.

ಅಡ್ಡಪಟ್ಟೆಯ ವಿಷಯ ಬೇರೆ. ನಮ್ಮ ವಿದ್ಯುತ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/60ರಲ್ಲಿದ್ದರೆ ಪ್ರತಿ ಫ್ರೇಮ್‌ಗೂ ಆ ಮಿನುಗಿನ ಬೇರೆ ಬೇರೆ ಪಾಲು ಸಿಗುತ್ತದೆ, ಪಟ್ಟೆ ಓಡುತ್ತದೆ. 1/50 ಅಥವಾ 1/100 ಇಟ್ಟರೆ ಪೂರ್ತಿ ಸುತ್ತು ಸಿಗುತ್ತದೆ, ಪಟ್ಟೆ ಇಲ್ಲ. ಇದನ್ನು ತೆಗೆಯುವ ‘ಡಿಫ್ಲಿಕರ್’ ರಿಸಾಲ್ವ್‌ನ ಹಣ ಕೊಡುವ ಆವೃತ್ತಿಯಲ್ಲಿ ಮಾತ್ರ ಇದೆ. ಅದಕ್ಕೆ ಹಣ ಹಾಕುವ ಬದಲು ಟ್ರೇಲರ್‌ಗೆ ಬೇಕಾದ ಮೂರು ನಾಲ್ಕು ಶಾಟ್ ಮತ್ತೆ ತೆಗೆಯುವುದೇ ಲೇಸು.

ಮತ್ತೆ ತೆಗೆಯುವಾಗ ಓಪನ್ ಕ್ಯಾಮೆರಾ ಅಥವಾ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ, ಎರಡೂ ಉಚಿತ. ಫೋನ್ ಹೊಂದುತ್ತದೆಯೇ ಅಂತ ಮೊದಲೇ ಪರೀಕ್ಷಿಸಿ. ಭಟ್ಟಿಯ ಒಳಗೆ ಶಟರ್ 1/50, ಐಎಸ್‌ಒ 800ರ ಒಳಗೆ, ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಬೀಗ. ಬೆಂಕಿಯ ಬಣ್ಣ ಸುಮಾರು 2000 ಕೆಲ್ವಿನ್, ಆದ್ದರಿಂದ 3200ರಲ್ಲಿ ಅದು ಕಿತ್ತಳೆಯಾಗೇ ಉಳಿಯುತ್ತದೆ. ಆಟೋದಲ್ಲಿ ಬಿಟ್ಟರೆ ಅದನ್ನು ಬಿಳಿ ಮಾಡಲು ಹೋಗಿ ಮುಖವನ್ನು ನೀಲಿ ಮಾಡುತ್ತದೆ. ಫೋಕಸ್ ಕೂಡ ಬೀಗ ಹಾಕಿ, ಹೊಗೆ ಅಡ್ಡ ಬಂದಾಗಲೆಲ್ಲ ಆಟೋಫೋಕಸ್ ಹುಡುಕಾಡುತ್ತದೆ. ಬೆಳಕಿನ ಅಳತೆ ತಾಯಿಯ ಕೆನ್ನೆಗೆ ಇರಲಿ, ಒಲೆಯ ಬಾಯಿ ಬೆಳ್ಳಗೆ ಸುಟ್ಟರೂ ಪರವಾಗಿಲ್ಲ.

ಇನ್ನೊಂದು: ಫೋನ್‌ಗಳು ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣಕ್ಕೆ ತಯಾರಾದವು. ಭಟ್ಟಿಯ ಮುಂದೆ ಅದು ಎಂದೋ ದಾಟಿರುತ್ತದೆ. ಬಿಸಿಯಾದ ಫೋನ್ ಮೊದಲು ಪರದೆಯ ಬೆಳಕು ತಗ್ಗಿಸುತ್ತದೆ, ಆಮೇಲೆ ಫ್ರೇಮ್ ಬಿಡುತ್ತದೆ, ಕೊನೆಗೆ ರೆಕಾರ್ಡಿಂಗ್ ನಿಲ್ಲಿಸುತ್ತದೆ. ಬೆಳಿಗ್ಗೆ ಬೇಗ ಹೋಗಿ, ಒಂದು ಟೇಕ್ 40 ಸೆಕೆಂಡ್ ಮೀರದಿರಲಿ, ಎರಡು ಫೋನ್ ಸರದಿಯಲ್ಲಿ ಬಳಸಿ, ಕವರ್ ತೆಗೆಯಿರಿ. ಹೊಟ್ಟಿನ ದೂಳು ಲೆನ್ಸ್ ಮೇಲೆ ಕೂತರೆ ಬೆಂಕಿಯ ಸುತ್ತ ಮಂಜಿನಂಥ ವರ್ತುಲ ಬರುತ್ತದೆ. ಪ್ರತಿ ಟೇಕ್‌ಗೂ ಮೊದಲು ಊದಿ, ಆಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಿ. ಊದದೆ ಒರೆಸಿದರೆ ಗೀರು ಖಂಡಿತ.

ಕೋಟೆಬಾಗಿಲು (ಚಿತ್ರದುರ್ಗ):

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕ. ಪ್ರವಾಸಿಗರ ಹಾಗೆ ಕೈಯಲ್ಲಿ ಫೋನ್ ಹಿಡಿದು ತೆಗೆಯುವುದು ಬೇರೆ, ನಟರನ್ನು ನಿಲ್ಲಿಸಿ ಟ್ರೈಪಾಡ್ ಹೂಡಿ ಚಿತ್ರೀಕರಿಸುವುದು ಬೇರೆ. ಎರಡನೆಯದಕ್ಕೆ ಮುಂಚಿತವಾಗಿ ಲಿಖಿತ ಅನುಮತಿ ಬೇಕು. ವಿದ್ಯಾರ್ಥಿ ಪ್ರಾಜೆಕ್ಟ್ ಎಂಬ ಕಾಲೇಜಿನ ಪತ್ರ, ದೃಶ್ಯದ ಒಂದು ಪುಟದ ವಿವರ, ತಂಡದ ಪಟ್ಟಿ, ಸಲಕರಣೆಗಳ ಪಟ್ಟಿ ಜೋಡಿಸಿ ಅರ್ಜಿ ಕೊಡಿ. ಉತ್ತರಕ್ಕೆ ವಾರಗಟ್ಟಲೆ ಹಿಡಿಯಬಹುದು ಅಂತಲೇ ಲೆಕ್ಕ ಹಾಕಿಕೊಳ್ಳಿ. ಡ್ರೋನ್ ವಿಚಾರ ಬಿಟ್ಟೇಬಿಡಿ. ಜೋಗಿಮಟ್ಟಿ ಕಡೆ ಹೋಗುವ ಯೋಚನೆ ಇದ್ದರೆ ಅದು ವನ್ಯಧಾಮ, ಅರಣ್ಯ ಇಲಾಖೆಯನ್ನು ಕೇಳಬೇಕು.

ಟ್ರೇಲರ್‌ಗೆ ಬೆನ್ನು ಕಾಣುವ ಒಂದೇ ಶಾಟ್ ಸಾಕು ಅಂತ ಮೇಲೆ ಹೇಳಿದ್ದಾರಲ್ಲ, ಅಷ್ಟಕ್ಕೆ ಕೋಟೆಯೇ ಬೇಕಿಲ್ಲ. ಊರ ಸುತ್ತ ಅದೇ ಜಾತಿಯ ಬಂಡೆಗಳು ಬೇಕಾದಷ್ಟಿವೆ, ಹೊಲದ ಯಜಮಾನರನ್ನು ಕೇಳಿ ತೆಗೆಯಿರಿ. ಅನುಮತಿ ಬಂದ ಮೇಲೆ ಚಿತ್ರಕ್ಕೆ ಕೋಟೆ.

ಬೆಳಕಿನ ಬಗ್ಗೆ: ದುರ್ಗ ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲಿ, ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ಬೆಳಗಿನ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ತೆಗೆಯಿರಿ. ಬಯಲಲ್ಲಿ ಫೋನಿಗೆ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಬೇಕೇ ಬೇಕು. ಲೆಕ್ಕ ಹೀಗೆ: ಎಫ್/1.8 ಲೆನ್ಸ್, ಐಎಸ್‌ಒ 50, ಸುಡುಬಿಸಿಲು ಅಂದರೆ ಸರಿಯಾದ ಶಟರ್ ಸುಮಾರು 1/4000. ಅದನ್ನು 1/50ಕ್ಕೆ ತರಲು ಆರು ಸ್ಟಾಪ್ ಬೆಳಕು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ) ಕಡಿಯಬೇಕು, ಅಂದರೆ ಎನ್‌ಡಿ64. ಇಲ್ಲದಿದ್ದರೆ ಅವಳ ಸೆರಗು ಗಾಳಿಗೆ ಹಾರುವುದು ತುಂಡು ತುಂಡಾಗಿ ಕಾಣುತ್ತದೆ, ಭಟ್ಟಿಯ ಮೆತ್ತನೆಯ ಚಲನೆಯ ಪಕ್ಕದಲ್ಲಿ ಅದು ಬೇರೆ ಚಿತ್ರದಿಂದ ತಂದ ಹಾಗೆ.

ಗಾಳಿ! ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಕಾಲರ್ ಮೈಕಿಗೆ ತುಪ್ಪಳದ ಟೋಪಿ ಹಾಕಿ, ಸ್ಪಂಜು ಸಾಲದು. ದೃಶ್ಯ ಮುಗಿದ ಕೂಡಲೇ ದೊಡ್ಡ ಬಂಡೆಯ ಮರೆಗೆ ಹೋಗಿ ಅದೇ ಮಾತುಗಳನ್ನು ಬರೀ ಧ್ವನಿಗಾಗಿ ಮೂರು ಸಲ ಹೇಳಿಸಿ ಇಟ್ಟುಕೊಳ್ಳಿ.

ಭಟ್ಟಿಬೆಳಕು:

ಮೀಡಿಯಾಇನ್ಫೋದಲ್ಲಿ ನೋಡಿದೆ: ವೇರಿಯಬಲ್, ಕನಿಷ್ಠ 19, ಗರಿಷ್ಠ 30. ಪರಿವರ್ತಿಸಿದ ಮೇಲೆ ಮಾತು ಕೂತಿತು. ಧನ್ಯವಾದ. ಶೀರ್ಷಿಕೆ ಮತ್ತು ಸಂಗೀತ ಉಳಿದಿವೆ. ಹಳೆಯ ಸಿನಿಮಾ ಹಾಡಿನ ಎರಡು ಸಾಲು ಹಾಕಬಹುದೇ? ಕಾಲೇಜಿನೊಳಗೆ ತೋರಿಸುವುದು, ಜೊತೆಗೆ ಯೂಟ್ಯೂಬ್‌ಗೂ ಹಾಕಬೇಕು.

ಅರ್ಕಾವತ್ತು:

ಶೀರ್ಷಿಕೆ ನೋಡೋಣ. ಯೂನಿಕೋಡ್‌ನಲ್ಲಿ ‘ಟ್ಟಿ’ ಒಂದೇ ಅಕ್ಷರವಾಗಿ ಸಂಗ್ರಹವಾಗಿರುವುದಿಲ್ಲ. ಟ, ವಿರಾಮ ಚಿಹ್ನೆ, ಮತ್ತೊಂದು ಟ, ಗುಡಿಸು ಎಂದು ನಾಲ್ಕು ತುಂಡು. ಅವನ್ನು ಜೋಡಿಸಿ ಒತ್ತು ಕೆಳಗೆ ತರುವುದು ಸಾಫ್ಟ್‌ವೇರ್ ಮತ್ತು ಫಾಂಟ್ ಸೇರಿ ಮಾಡುವ ಕೆಲಸ. ರಿಸಾಲ್ವ್‌ನ ಶೀರ್ಷಿಕೆ ಬರೆಯುವ ‘ಟೆಕ್ಸ್ಟ್ ಪ್ಲಸ್’ ಹಳೆಯ ಆವೃತ್ತಿಗಳಲ್ಲಿ ಇದನ್ನು ಸರಿಯಾಗಿ ಮಾಡುವುದಿಲ್ಲ. ಪ್ರೀಮಿಯರ್ ಬಳಸುವವರು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ‘ಸೌತ್ ಏಷ್ಯನ್’ ಟೆಕ್ಸ್ಟ್ ಎಂಜಿನ್ ಆರಿಸಿಕೊಂಡರೆ ಸರಿಹೋಗುತ್ತದೆ.

ನಿಮಗೆ ಸುಲಭದ ದಾರಿ: ಇಂಕ್‌ಸ್ಕೇಪ್‌ನಲ್ಲಿ 1920×1080 ಪುಟ ತೆರೆದು, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್‌ನಲ್ಲಿ ಬರೆದು, ಹಿನ್ನೆಲೆ ಪಾರದರ್ಶಕವಾಗಿಟ್ಟು ಪಿಎನ್‌ಜಿ ಮಾಡಿ ಟೈಮ್‌ಲೈನ್‌ಗೆ ಹಾಕಿ. ಬೇರೆ ಯಂತ್ರದಲ್ಲಿ ತೆರೆದರೂ ಚಿತ್ರ ಚಿತ್ರವೇ, ಒಡೆಯುವುದಿಲ್ಲ. ಹಳೆಯ ನುಡಿ ಫಾಂಟಿನ ಆಸ್ಕಿ ಪಠ್ಯವನ್ನು ನೇರ ಅಂಟಿಸಬೇಡಿ, ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪರೀಕ್ಷೆಗೆ ‘ಸ್ತ್ರೀ, ಚಿತ್ರದುರ್ಗ, ಭಟ್ಟಿಯ ಹೊತ್ತು’ ಬರೆದು ನೋಡಿ. ಎರಡು ಒತ್ತು, ಅರ್ಕಾವತ್ತು, ಸಜಾತಿ ಒತ್ತು ಮೂರೂ ಅದರಲ್ಲಿ ಸಿಗುತ್ತವೆ.

ಒಂದೊಂದೇ ಅಕ್ಷರ ಹಾರಿಬರುವ ಅನಿಮೇಷನ್ ಇಂಗ್ಲಿಷಿಗೆ ಮಾಡಿದ್ದು, ಕನ್ನಡದಲ್ಲಿ ಒತ್ತು ಒಂದು ಕಡೆ ಗುಣಿತ ಒಂದು ಕಡೆ ಓಡುತ್ತದೆ. ಪದವನ್ನು ಇಡಿಯಾಗಿ ಮೂಡಿಸಿ. ಅಕ್ಷರಗಳ ನಡುವಿನ ಅಂತರವನ್ನೂ ಹಿಗ್ಗಿಸಬೇಡಿ. ಎರಡು ಸಾಲಿದ್ದರೆ ಸಾಲಂತರ ಒಂದೂವರೆ ಪಟ್ಟು ಇರಲಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಮೂರು ಪದಕ್ಕೆ ಎರಡು ಸೆಕೆಂಡಿಗಿಂತ ಕಡಿಮೆ ಬೇಡ.

ಕತ್ತರಿಮೇಜು:

ಹಾಡು ಬೇಡ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕು ಕರ್ತೃ ತೀರಿಕೊಂಡ ಮೇಲೆ 60 ವರ್ಷ, ಅದು ಬೇರೆ. ಎರಡೇ ಸಾಲು, ಹತ್ತೇ ಸೆಕೆಂಡು ಎಂಬ ವಿನಾಯಿತಿ ಕಾಯ್ದೆಯಲ್ಲಿ ಇಲ್ಲ. ತರಗತಿಯೊಳಗಿನ ಪ್ರದರ್ಶನಕ್ಕೆ ಇರುವ ಸಡಿಲಿಕೆ ಯೂಟ್ಯೂಬ್‌ಗೆ ಬರುವುದಿಲ್ಲ, ಅಲ್ಲಿ ಹಾಡು ಗುರುತಿಸುವ ಕಂಟೆಂಟ್ ಐಡಿ ವ್ಯವಸ್ಥೆ ತಾನೇ ಹಿಡಿಯುತ್ತದೆ. ಊರಿನ ಹೆಣ್ಣುಮಕ್ಕಳಿಂದ ಸೋಬಾನೆ ಹಾಡಿಸಿ ಮುದ್ರಿಸಿಕೊಳ್ಳುವುದಾದರೆ ಹಾಡಿದವರಿಂದ ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರ ತೆಗೆದುಕೊಳ್ಳಿ, ಹೆಸರನ್ನೂ ಹಾಕಿ. ಭಟ್ಟಿಯ ಕೆಲಸಗಾರರದ್ದೂ ಅಷ್ಟೇ. 18ರ ಒಳಗಿನವರು ಕಾಣಿಸಿದರೆ ಪೋಷಕರ ಸಹಿ ಬೇಕು.

ನಿಜ ಹೇಳಬೇಕೆಂದರೆ ನಿಮ್ಮ ಸಂಗೀತ ಭಟ್ಟಿಯಲ್ಲೇ ಇದೆ. ರೆಕಾರ್ಡರ್ ಒಂದನ್ನೇ ಹಿಡಿದು ಮತ್ತೊಮ್ಮೆ ಹೋಗಿ. ಮರಳು ಜರಡಿಯಲ್ಲಿ ಸೋಸುವ ಸದ್ದು, ಬಾಣಲೆಗೆ ಸೌಟು ತಾಗುವ ಸದ್ದು, ಅಕ್ಕಿ ಅರಳುವ ಚಟಪಟ, ಹೊಟ್ಟು ಒಲೆಗೆ ಬೀಳುವ ಸದ್ದು, ತಲಾ ಎರಡು ನಿಮಿಷ. ಯಾರೂ ಮಾತಾಡದ ಭಟ್ಟಿಯ ಗುಂಯ್ಗುಡುವಿಕೆ ಒಂದು ನಿಮಿಷ, ಕಟ್‌ಗಳ ನಡುವೆ ಧ್ವನಿಯ ಗುಂಡಿ ತುಂಬಲು ಅದು ಬೇಕು. 30 ಫ್ರೇಮ್ ದರದಲ್ಲಿ ನಿಮಿಷಕ್ಕೆ 120 ತಾಳ ಎಂದರೆ ಒಂದು ತಾಳಕ್ಕೆ ಸರಿಯಾಗಿ 15 ಫ್ರೇಮ್. ಜರಡಿಯ ಒಂದು ಬೀಸನ್ನು ಕತ್ತರಿಸಿ ಪ್ರತಿ 15 ಫ್ರೇಮ್‌ಗೆ ಒಂದರಂತೆ ಇಡಿ, ಆ ಗೆರೆಗಳ ಮೇಲೆ ‘ಎಂ’ ಕೀಲಿಯಿಂದ ಗುರುತು ಹಾಕಿ. ಎಲ್ಲ ಕಟ್‌ಗಳನ್ನೂ ತಾಳದ ಮೇಲೇ ಇಟ್ಟರೆ ಯಂತ್ರದ ಹಾಗಾಗುತ್ತದೆ. ಮುಖದ ಶಾಟ್‌ಗಳನ್ನು ತಾಳ ದಾಟಿಸಿ ಆರೆಂಟು ಫ್ರೇಮ್ ಹೆಚ್ಚು ನಿಲ್ಲಿಸಿ. ಮಗಳು ಕೇಳುವ ಮಾತಿಗೆ ಮುಂಚೆ ಜರಡಿ ತಟ್ಟನೆ ನಿಲ್ಲಲಿ, ಒಂದೂವರೆ ಸೆಕೆಂಡ್ ಏನೂ ಬೇಡ.

ಐವತ್ತುಹರ್ಟ್ಸ್:

ಕೊನೆಯ ಹಂತದ ಅಳತೆಗಳು. ಮಾತಿನ ಶಿಖರ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ, ಮಾತಿನ ಕೆಳಗೆ ಜರಡಿಯ ಸದ್ದು ಅದಕ್ಕಿಂತ 12 ಡೆಸಿಬಲ್ ತಗ್ಗಿ. ಫೇರ್‌ಲೈಟ್ ಪುಟದ ಲೌಡ್‌ನೆಸ್ ಮೀಟರ್‌ನಲ್ಲಿ ಒಟ್ಟು ಮೈನಸ್ 14 ಲಫ್ಸ್ (ಒಟ್ಟಾರೆ ಜೋರಿನ ಅಳತೆ) ಸುತ್ತ, ಟ್ರೂ ಪೀಕ್ ಮೈನಸ್ 1 ದಾಟದಂತೆ. ಯೂಟ್ಯೂಬ್ ಜೋರಾದದ್ದನ್ನು ತಗ್ಗಿಸುತ್ತದೆ, ಮೆತ್ತಗಿದ್ದುದನ್ನು ಏರಿಸುವುದಿಲ್ಲ. ಫೋನ್ ಸ್ಪೀಕರ್‌ನಲ್ಲೂ ಕೇಳಿ, ಒಲೆಯ ಗುಡುಗು ಅಲ್ಲಿ ಮಾಯವಾಗುತ್ತದೆ, ಚಟಪಟ ಮಾತ್ರ ಉಳಿಯುತ್ತದೆ.

8 ಜಿಬಿ ರ‍್ಯಾಮ್‌ನಲ್ಲಿ ರಿಸಾಲ್ವ್ ತಡವರಿಸಿದರೆ ಪ್ಲೇಬ್ಯಾಕ್ ಮೆನುವಿನಲ್ಲಿ ಟೈಮ್‌ಲೈನ್ ಪ್ಲೇಬ್ಯಾಕ್ ರೆಸಲ್ಯೂಶನ್ (ಹಳೆಯ ಆವೃತ್ತಿಯಲ್ಲಿ ಪ್ರಾಕ್ಸಿ ರೆಸಲ್ಯೂಶನ್) ‘ಹಾಫ್’ ಮಾಡಿ. ಆಗಲೂ ಆಗದಿದ್ದರೆ ಕೆಡೆನ್‌ಲೈವ್ ಎಂಬ ಉಚಿತ ಎಡಿಟಿಂಗ್ ತಂತ್ರಾಂಶದಲ್ಲಿ ಪ್ರಾಕ್ಸಿ (ಕ್ಲಿಪ್‌ನ ಹಗುರ ನಕಲು) ಹಾಕಿ ಮಾಡಿ, ಅದರಲ್ಲಿ ಕನ್ನಡ ಒತ್ತಕ್ಷರವೂ ಸರಿಯಾಗಿ ಮೂಡುತ್ತದೆ.

ಎಕ್ಸ್‌ಪೋರ್ಟ್: ಎಂಪಿ4, ಎಚ್.264, 1920×1080, 30 ಫ್ರೇಮ್, ಸೆಕೆಂಡಿಗೆ 16 ಮೆಗಾಬಿಟ್, ಧ್ವನಿ ಎಎಸಿ 48 ಕಿಲೋಹರ್ಟ್ಸ್. 75 ಸೆಕೆಂಡಿಗೆ ಸುಮಾರು 150 ಎಂಬಿ ಆಗುತ್ತದೆ. ಮಾರ್ಗದರ್ಶಕರಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ವಿಡಿಯೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ. ವಿಡಿಯೊ ಆಗಿ ಕಳಿಸಿದರೆ ಒತ್ತಿ ಕುಗ್ಗಿಸುತ್ತದೆ, ಭಟ್ಟಿಯ ಕತ್ತಲೆ ಚೌಕ ಚೌಕವಾಗುತ್ತದೆ.

ಪ್ರದರ್ಶನದ ಹಿಂದಿನ ದಿನ ಕಾಲೇಜಿನ ಪ್ರೊಜೆಕ್ಟರ್‌ನಲ್ಲೇ ಒಮ್ಮೆ ಓಡಿಸಿ. ಕಿಟಕಿಯ ಬೆಳಕು ಬೀಳುವ ಕೋಣೆಯಲ್ಲಿ ಕಪ್ಪು ಬೂದಿಯಾಗುತ್ತದೆ, ಒಲೆಯ ಮುಂದಿನ ಮುಖ ಕಾಣದೇ ಹೋಗಬಹುದು. ಹಾಗಾದರೆ ಕಲರ್ ಪುಟದಲ್ಲಿ ‘ಲಿಫ್ಟ್’ (ಕಪ್ಪು ಭಾಗ) ಮುಟ್ಟದೆ ‘ಗಾಮಾ’ (ನಡುವಿನ ಬೆಳಕು) ಮಾತ್ರ ತುಸು ಏರಿಸಿ ಬೇರೆ ಪ್ರತಿ ತೆಗೆದು, ಫೈಲಿನ ಹೆಸರಲ್ಲೇ ‘ಪ್ರೊಜೆಕ್ಟರ್’ ಅಂತ ಬರೆದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಯೂಟ್ಯೂಬ್‌ಗೆ ಮೊದಲಿನ ಪ್ರತಿಯೇ ಹೋಗಲಿ.